ಕಳ್ಳ ಕಳ್ಳ ಎಂದ ಏಳು ಪೆಟ್ಟಿಗೆಗಳು

"ಇನ್ನ ಮುಂದ ಯಾವ ಕಳ್ಳನೂ ನಮ್ಮ ಕಾಲೇಜಿನ ವೈಫೈದಾಗ ಕಾಲಿಡಂಗಿಲ್ಲ!" ಎಂದು ಪ್ರೊಫೆಸರ್ ಹುರಕಡ್ಲಿ ಮೈಕಿನಲ್ಲಿ ಗುಡುಗಿದಾಗ ಸೆಮಿನಾರ್ ಹಾಲಿನ ಕಿಟಕಿ ಗಾಜುಗಳು ಅದುರಿದವು. "ಈ ಯಂತ್ರ ನನ್ನ ಆರು ವರ್ಷದ ತಪಸ್ಸು!"

ಕೊನೆಯ ಸಾಲಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದಾಕ್ಷಾಯಣಿ ಮುದಗಲ್ಲ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ತಪಸ್ಸು ಮಾಡಿದವಳು ಅವಳು. ಸರ್ ಆಗಾಗ ಪ್ರತ್ಯಕ್ಷರಾಗುತ್ತಿದ್ದರು ನಿಜ, ಆದರೆ ವರ ಕೊಡುವುದಕ್ಕಲ್ಲ, ಕೇಳುವುದಕ್ಕೆ. "ರಿಸರ್ಚ್ ಪೇಪರಿನ ಮ್ಯಾಲೆ ನನ್ನ ಹೆಸರು ಮೊದಲ ಇರ್ಲಿ." "ಪೇಟೆಂಟ್ ಅರ್ಜಿಗೆ ನನ್ನ ಹೆಸರೊಂದs ಸಾಕು." ಎಲ್ಲಾ ಕೊಟ್ಟಿದ್ದಳು. ಅವರು ಅವಳ ಪಿಎಚ್.ಡಿ. ಗೈಡು. ಬೈಂಡ್ ಆಗಿ ಬಂದ ಪ್ರಬಂಧ ಎಂಟು ತಿಂಗಳಿಂದ ಅವರ ಮೇಜಿನ ಮೇಲೆ ಒಂದು ಸಹಿಗಾಗಿ ಕಾದು ಕೂತಿತ್ತು. ಈ ಏಪ್ರಿಲ್ ಮೂವತ್ತಕ್ಕೆ ಅವಳ ನೋಂದಣಿಯ ಅವಧಿ ಮುಗಿಯುತ್ತಿತ್ತು. ಅದಕ್ಕೇ ಚಪ್ಪಾಳೆ.

ಅವಳು ಕಟ್ಟಿದ್ದು ಕಾವಲು ಪೆಟ್ಟಿಗೆ. ವೈಫೈ ಕಳ್ಳರ ಒಂದು ಹಳೆಯ ಮೋಸವಿದೆ: ಕಾಲೇಜಿನ ವೈಫೈ ಹೆಸರನ್ನೇ ಇಟ್ಟು ಪಕ್ಕದಲ್ಲಿ ಇನ್ನೊಂದು ಸುಳ್ಳು ವೈಫೈ ಹಚ್ಚುವುದು. ಫೋನುಗಳು ಅದೇ ತವರುಮನೆ ಎಂದು ಒಳಹೋಗುತ್ತವೆ, ಪಾಸ್‌ವರ್ಡ್ ಕಳೆದುಕೊಳ್ಳುತ್ತವೆ. ಆದರೆ ಹೆಸರು ಕದಿಯಬಹುದು, ನಡಿಗೆ ಕದಿಯಲಾಗದು. ಪ್ರತಿ ಸಾಧನದ ರೇಡಿಯೋ ಅಲೆಗೂ ಅದರದೇ ಸಣ್ಣ ಕುಂಟು ಇರುತ್ತದೆ. ಪೆಟ್ಟಿಗೆ ಆ ಕುಂಟನ್ನು ನೆನಪಿಟ್ಟುಕೊಂಡು, ಹೊಂದದವರನ್ನು ಗಾಳಿಯಲ್ಲೇ ಹೊರಗೆ ನೂಕುತ್ತಿತ್ತು. ಅಂಥ ಏಳು ಉಕ್ಕಿನ ಪೆಟ್ಟಿಗೆಗಳನ್ನು ಹಾಲು, ಲೈಬ್ರರಿ, ಕ್ಯಾಂಟೀನು, ಗೇಟು ಎಂದು ಕಾಲೇಜಿನ ತುಂಬ ಗೋಡೆಯ ಮೇಲೆತ್ತರಕ್ಕೆ ಬಿಗಿಯಲಾಗಿತ್ತು. ದಾಕ್ಷಾಯಣಿ ಎಚ್ಚರಿಕೆಗೆಂದು ಸಣ್ಣ ಗಂಟೆ ಇಟ್ಟಿದ್ದಳು. ಸರ್ ಅದನ್ನು ತೆಗೆಸಿ, ತಮ್ಮ ಕಂಠದಲ್ಲೇ "ಕಳ್ಳ! ಕಳ್ಳ! ಹಿಡೀರಿ!" ಎಂದು ತುಂಬಿಸಿದ್ದರು.

ಪೆಟ್ಟಿಗೆ ಎಷ್ಟು ಬಿಗಿಯಾಗಿ ಹೊಂದಿಕೆ ನೋಡಬೇಕು ಎಂಬುದರ ಬಗ್ಗೆ ಅಂದು ಬೆಳಿಗ್ಗೆ ಇಬ್ಬರಿಗೂ ಮಾತಾಗಿತ್ತು.

"ಸರ್, ನೂರಕ್ಕ ಎಂಬತ್ತರ ಮ್ಯಾಲೆ ಬಿಗಿ ಮಾಡಬ್ಯಾಡ್ರಿ. ಇದು ಡಿಸೆಂಬರದಾಗ ಕಲ್ತದ್ದು. ಈಗ ನಲವತ್ತೊಂದು ಡಿಗ್ರಿ ಬಿಸಲು. ಕಾದ ಕೂಡ್ಲೆ ಎಲ್ಲಾ ಸಾಧನದ ನಡಗಿ ಬದಲಾಗತೈತ್ರಿ. ಸಾವುಕಾರನೂ ಕಳ್ಳನಂಗ ಕಾಣ್ತಾನ."

"ಶುಭ ಮುಂಜಾನಿ ನಿನಗ ಒಂದ್ ಛಲೋ ಮಾತು ಬರಂಗಿಲ್ಲೇನು? ವಿಶ್ವವಿದ್ಯಾಲಯದಿಂದ ಇಟಗಿ ಸಾಹೇಬ್ರು ಬರಾಕತ್ಯಾರ! ತೊಂಬತ್ತೊಂಬತ್ತಕ್ಕ ಇಡು!"

"ಹಂಗಾರ ಆಫ್ ಮಾಡೋದರ ನನ್ನ ಲ್ಯಾಪ್‌ಟಾಪಿನಿಂದ..."

"ಯಾಕ? ನನ್ನ ಫೋನಿಗೆ ಮಾತ್ರ ಇಡು. ಯಂತ್ರ ನಂದೋ, ನಿಂದೋ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ದಾಕ್ಷಾಯಣಿ ತೊಂಬತ್ತೊಂಬತ್ತಕ್ಕೆ ಇಟ್ಟಳು.

ಪ್ರದರ್ಶನವೇನೋ ಸೊಗಸಾಗಿ ಶುರುವಾಯಿತು. ದಾಕ್ಷಾಯಣಿ ಲ್ಯಾಪ್‌ಟಾಪಿನಿಂದ ಸುಳ್ಳು ವೈಫೈ ಹಚ್ಚಿದಳು. ಎರಡೇ ಕ್ಷಣ! ಗೋಡೆಯ ಪೆಟ್ಟಿಗೆ ಕೆಂಪಗಾಗಿ "ಕಳ್ಳ! ಕಳ್ಳ! ಹಿಡೀರಿ!" ಎಂದು ಕೂಗಿ ಅದನ್ನು ಕಡಿದೇ ಹಾಕಿತು. ಹಾಲೆಲ್ಲ ಚಪ್ಪಾಳೆ.

ಮುಂದಿನ ಸಾಲಿನಲ್ಲಿದ್ದ ಡಾ. ವಾಮನರಾವ ಇಟಗಿಯವರು ಕಿವಿಯ ಮಷೀನು ಸರಿಮಾಡಿಕೊಳ್ಳುತ್ತ ಕೇಳಿದರು. "ಛಲೋ ಐತ್ರಿ. ಬಿಸಲಿಗೆ ಏನೂ ಆಗಂಗಿಲ್ಲೇನು?"

ದಾಕ್ಷಾಯಣಿ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ಇಡೀ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ.

"ಬಿಸಲು, ಮಳಿ, ಬಿರುಗಾಳಿ, ಯಾವುದಕ್ಕೂ ಜಗ್ಗಂಗಿಲ್ಲ!" ಎಂದರು ಹುರಕಡ್ಲಿ. "ಇದನ್ನ ನಾನು ಸ್ವಂತ..."

"ಕಳ್ಳ! ಕಳ್ಳ! ಹಿಡೀರಿ!" ಎಂದಿತು ಪೆಟ್ಟಿಗೆ.

ಅವರ ಕೈಯ ವೈರ್‌ಲೆಸ್ ಮೈಕು ಸತ್ತಿತ್ತು. ಎರಡನೇ ಕೂಗಿಗೆ ಪ್ರೊಜೆಕ್ಟರ್ ಕಪ್ಪಾಯಿತು. ಮೂರನೆಯದಕ್ಕೆ, ರೇಡಿಯೋ ಅಲೆಯ ಮೇಲೇ ನಡೆಯುತ್ತಿದ್ದ ಇಟಗಿಯವರ ಕಿವಿಯ ಮಷೀನೇ ಕಳ್ಳನಾಗಿ ಹೊರಬಿತ್ತು! ಮುದುಕರು ಏನೂ ಕೇಳಿಸದೆ, ಪ್ರೊಫೆಸರು ಇನ್ನೂ ವಿವರಿಸುತ್ತಿದ್ದಾರೆಂದು ತಿಳಿದು, ನಗುನಗುತ್ತ ತಲೆದೂಗುತ್ತಲೇ ಇದ್ದರು.

"ಬಂದ್ ಮಾಡು ಅದನ್ನ!" ಹುರಕಡ್ಲಿ ಕೊನೆಯ ಸಾಲಿಗೆ ಓಡಿ ಬಂದರು.

"ನಿಮ್ಮ ಫೋನಿನಿಂದಷ್ಟs ಆಗತೈತ್ರಿ ಸರ್."

ಅವರು ಫೋನು ತೆಗೆದರು. ಪೆಟ್ಟಿಗೆ ಅವರ ದನಿಯಲ್ಲೇ ಅವರನ್ನು ಕಳ್ಳ ಎಂದಿತು.

"ಹುಸೇನಸಾಬ್! ಕರೆಂಟ್ ತಗೀ!"

ಲ್ಯಾಬಿನ ಹಳೆಯ ಅಟೆಂಡರ್ ಹುಸೇನಸಾಬ್ ಮೇನ್ ಸ್ವಿಚ್ಚನ್ನೇ ಕೆಳಗೆಳೆದ. ಫ್ಯಾನುಗಳು ನಿಂತವು, ಸಭೆ ಬೆವರತೊಡಗಿತು, ಪೆಟ್ಟಿಗೆ ಮಾತ್ರ ಕೂಗುತ್ತಲೇ ಇತ್ತು. "ಬ್ಯಾಟರಿ ಐತಲ್ರಿ ಸರ್," ಎಂದ ಅವನು. "ಕರೆಂಟ್ ಹೋದ್ರೂ ಕಳ್ಳ ಪಾರಾಗಬಾರ್ದು ಅಂತ ನೀವs ಹಾಕಿಸಿದ್ರಿ."

ಅಷ್ಟರಲ್ಲಿ ಪ್ರಾಂಶುಪಾಲರ ಕೋಣೆಯಿಂದ ಸುದ್ದಿ ಬಂತು. ಮುಖ ನೋಡಿ ಹಾಜರಿ ಹಾಕುವ ಮಷೀನು ಹೊರಬಿದ್ದು, ನೂರಾ ಹನ್ನೆರಡು ಜನ ಸಿಬ್ಬಂದಿ ಗೈರುಹಾಜರಂತೆ! ಗೇಟಿನ ಅಡ್ಡಗಂಬ ಮೇಲೇಳದೆ ಕಾಲೇಜು ಬಸ್ಸು ರಸ್ತೆಯಲ್ಲೇ ನಿಂತಿದೆಯಂತೆ! ಪ್ರಿಂಟರು, ಕ್ಯಾಮೆರಾ, ಕ್ಯಾಂಟೀನಿನ ಬಿಲ್ಲಿಂಗ್ ಯಂತ್ರ, ಒಂದೊಂದಾಗಿ ಎಲ್ಲವೂ ಕಳ್ಳರ ಪಟ್ಟಿ ಸೇರಿದವು. ಮಧ್ಯಾಹ್ನ ಒಂದರ ಹೊತ್ತಿಗೆ ಇಡೀ ಕಾಲೇಜಿನ ವೈಫೈಯಲ್ಲಿ ಏಳು ಪೆಟ್ಟಿಗೆಗಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಭದ್ರತೆ ಎಂದರೆ ಅದು!

ಪೆಟ್ಟಿಗೆಗಳೂ ಬಿಸಿಲಲ್ಲಿ ಕಾದಿದ್ದವು.

ಮೊದಲು ಲೈಬ್ರರಿಯ ಪೆಟ್ಟಿಗೆ ಕ್ಯಾಂಟೀನಿನದನ್ನು ಕಳ್ಳ ಎಂದಿತು. ಕ್ಯಾಂಟೀನಿನದು ಸುಮ್ಮನಿರುತ್ತದೆಯೇ? ತಿರುಗಿ ಅದನ್ನೇ ಕಳ್ಳ ಎಂದಿತು. ಗೇಟಿನದು ಇಬ್ಬರನ್ನೂ ಬೈದಿತು. ಏಳೂ ಕೂಡಿ ಏಳು ದಿಕ್ಕಿನಿಂದ, ಹುರಕಡ್ಲಿಯವರ ಒಂದೇ ಗುಡುಗುಗಂಟಲಲ್ಲಿ, ಹುರಕಡ್ಲಿಯವರನ್ನೇ ಸುತ್ತುಗಟ್ಟಿ ಕಳ್ಳ ಕಳ್ಳ ಎಂದು ಅರಚಿದವು. ಹುಡುಗರು ವರಾಂಡದಲ್ಲಿ ಬಿದ್ದುಬಿದ್ದು ನಕ್ಕರು. ದಾಕ್ಷಾಯಣಿಗೂ ನಗು ಬಂತು. ಆದರೆ ಕೆಟ್ಟು ಕೂಗುತ್ತಿದ್ದುದು ಅವಳ ಆರು ವರ್ಷ.

ಇಟಗಿಯವರು ನಡೆದೇ ಗೇಟು ದಾಟಿದರು. ಆಚೆ ರಸ್ತೆಗೆ ಹೋಗುತ್ತಲೂ ಅವರ ಕಿವಿಯ ಮಷೀನಿಗೆ ಜೀವ ಬಂತು. ನಿಂತು, ಬಹಳ ಹೊತ್ತು ಕೇಳಿಸಿಕೊಂಡು, ಕೈಮುಗಿಯದೆ ಹೊರಟುಹೋದರು.

ಒಂದು ವಾರಕ್ಕೆ ವಿಚಾರಣಾ ಸಮಿತಿಯ ವರದಿ ಬಂತು. ಹುರಕಡ್ಲಿಯವರ ಲಿಖಿತ ಹೇಳಿಕೆ ಅದರಲ್ಲೇ ಇತ್ತು: "ಯಂತ್ರದ ಕಲ್ಪನೆ, ರಚನೆ, ತಯಾರಿಕೆ ಎಲ್ಲವೂ ಸಂಪೂರ್ಣವಾಗಿ ಶ್ರೀಮತಿ ದಾಕ್ಷಾಯಣಿ ಮುದಗಲ್ಲ ಅವರದೇ. ಇದರಲ್ಲಿ ನನ್ನ ಪಾತ್ರ ಏನೂ ಇಲ್ಲ."

ದಾಕ್ಷಾಯಣಿ ಆ ಸಾಲನ್ನು ಮೂರು ಸಲ ಓದಿದಳು. ಪೇಪರಿನಲ್ಲಿ ಇದರ ಅರ್ಧ ಬರೆದಿದ್ದರೂ ಸಾಕಾಗಿತ್ತು. ಓದಿಕೊಂಡೇ ಅವರ ಕೋಣೆಗೆ ಹೋದಳು. ಅಂದು ಏಪ್ರಿಲ್ ಇಪ್ಪತ್ತೊಂಬತ್ತು.

"ಸರ್, ಪ್ರಬಂಧಕ್ಕ ಒಂದು ಸಹಿ."

"ಹುಚ್ಚೀ, ಕೆಟ್ಟು ಹೋದ ಯಂತ್ರದ ಪ್ರಬಂಧಕ್ಕ ಸಹಿ ಹ್ಯಾಂಗ ಮಾಡ್ಲಿ?" ಸರ್ ಕರುಣೆಯಿಂದಲೇ ಹೇಳಿದರು. "ನಂಗೂ ಒಂದ್ ಮರ್ಯಾದಿ ಅಂತ ಐತಿಲ್ಲ? ಹೊಸದಾಗಿ ನೋಂದಣಿ ಮಾಡ್ಸು. ಇನ್ನ ಮೂರು ವರ್ಷ, ಏನ್ ಮಹಾ!"

ಕಾರಿಡಾರಿನಲ್ಲಿ ಹುಸೇನಸಾಬ್ ಏಣಿ ಇಟ್ಟು ಪೆಟ್ಟಿಗೆಗಳನ್ನು ಇಳಿಸುತ್ತಿದ್ದ. "ಗುಜರಿಗೆ ಹಾಕಂದಾರ ಅಕ್ಕಾರ," ಎಂದ, ಅವಳ ಮುಖ ನೋಡದೆ.

"ಗುಜರಿಗೆ ಬ್ಯಾಡ. ನನ್ನ ಮನೀಗೆ ಒಯ್ತೀನಿ."

"ಕಾಲೇಜಿನ ಸಾಮಾನ ಬಿಡ್ತಾರೇನ್ರಿ?"

ದಾಕ್ಷಾಯಣಿ ವರದಿಯ ಆ ಪುಟವನ್ನು ಅವನ ಮುಂದೆ ಹಿಡಿದಳು. "ನಂದs ಅಂತ ಬರದು ಕೊಟ್ಟಾರ."

ಏಳು ಪೆಟ್ಟಿಗೆ ಎರಡು ಗೋಣಿಚೀಲದಲ್ಲಿ ತುಂಬಿ, ಸ್ಕೂಟಿಗೆ ಕಟ್ಟಿ ಗೇಟಿಗೆ ತಂದರೆ ಕಾವಲುಗಾರ ತಡೆದ. ಸಾಮಾನು ಹೊರಗೆ ಹೋಗಬೇಕಾದರೆ ವಿಭಾಗದ ಮುಖ್ಯಸ್ಥರ ಪಾಸು ಬೇಕು. ಮುಖ್ಯಸ್ಥರು ಹುರಕಡ್ಲಿಯವರೇ. ಹುಸೇನಸಾಬ್ ಚೀಟಿ ಹಿಡಿದು ಓಡಿದ, ಎರಡೇ ನಿಮಿಷದಲ್ಲಿ ಮರಳಿ ಬಂದ.

ಚೀಟಿಯ ಕೆಳಗೆ ಹಸಿರು ಶಾಯಿಯಲ್ಲಿ, ತಾರೀಖಿನ ಸಮೇತ, ಸರ್ ಅವರ ಪೂರ್ತಿ ಸಹಿ. ದಾಕ್ಷಾಯಣಿ ಅದನ್ನು ದಿಟ್ಟಿಸಿ ನೋಡಿದಳು.

"ಅಕ್ಷರ ಭಾರೀ ಚಂದ ಅದಾವು," ಎಂದು ಸ್ಕೂಟಿ ಹೊರಡಿಸಿದಳು.