ಕ್ಲಚ್ಚಿನ ಮೇಲಿನ ಕಾಲು

ತಪ್ಪು ಗೇರಿನದೋ, ತನ್ನ ಕಾಲಿನದೋ? ಹದಿನೆಂಟು ವರ್ಷ ಕಾರು ಓಡಿಸಿದವನಿಗೆ ಬರಬಾರದ ಅನುಮಾನ. ಆದರೆ ಎರಡನೇ ಗೇರಿಗೆ ಹಾಕಿದಾಗಲೆಲ್ಲ ಕಾರು ಗಂಟಲಲ್ಲಿ ಏನೋ ಸಿಕ್ಕಿಕೊಂಡ ಮುದುಕನಂತೆ ಕೆಮ್ಮುತ್ತಿತ್ತು. ಹೊಸ ಕ್ಲಚ್ ಪ್ಲೇಟು ಹಾಕಿಸಿ ತಿಂಗಳಾಗಿತ್ತಷ್ಟೆ. ಲೀಟರಿಗೆ ಹದಿನಾಲ್ಕು ಕಿಲೋಮೀಟರು ಕೊಡುತ್ತಿದ್ದದ್ದು ಒಂಬತ್ತಕ್ಕೆ ಇಳಿದಿತ್ತು. ಸಾಲದ್ದಕ್ಕೆ, ದಿನಾ ಬೆಳಿಗ್ಗೆ, ಬಸ್ಸಿನಲ್ಲಿ ಆಫೀಸಿಗೆ ಹೊರಡುವ ಮುಂಚೆ ತರಕಾರಿ ತರಲು ಕಾರು ಹತ್ತಿದರೆ, ಸೀಟು ತಾನಾಗಿ ಮುಂದೆ ಜರುಗಿ ಮಂಡಿ ಸ್ಟೇರಿಂಗಿಗೆ ಬಡಿಯುತ್ತಿತ್ತು.

ಅದು ಅಪ್ಪನ ಕಾರು. ಗೇರು ಬದಲಿಸುವಾಗ ಅಪ್ಪ ಅದರ ತಲೆ ಸವರಿ, "ನಡಿ ತಾಯಿ" ಎನ್ನುತ್ತಿದ್ದ. ಚಿಕ್ಕಂದಿನಲ್ಲಿ ಇವನು ಹಿಂದಿನ ಸೀಟಿನಲ್ಲಿ ನಿಂತು, ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಕುಡಿಯುತ್ತ, ಅಪ್ಪನ ಹೆಗಲ ಮೇಲಿಂದ ರಸ್ತೆ ನೋಡುತ್ತಿದ್ದ. ಪಕ್ಕದಲ್ಲಿ ಅಮ್ಮ. ಅಪ್ಪ ಬ್ರೇಕ್ ಒತ್ತಿದಾಗಲೆಲ್ಲ ಅಮ್ಮನ ಕಾಲೂ ನೆಲವನ್ನು ಒತ್ತುತ್ತಿತ್ತು.

ಸಾಯುವ ಮುಂಚೆ ಅಪ್ಪ ಕಾರಿನ ವಿಷಯದಲ್ಲಿ ಒಂದೇ ಒಂದು ಕೆಲಸ ಒಪ್ಪಿಸಿದ್ದ. ಇವತ್ತು ನಾಳೆ ಎಂದು ತಳ್ಳುತ್ತ ಎರಡು ವರ್ಷ ಕಳೆದಿತ್ತು. ಕಾರೇ ಇಲ್ಲದಿದ್ದರೆ ಆ ಯೋಚನೆಯೂ ಇರುವುದಿಲ್ಲ. ಕಾರು ಕೊಳ್ಳುತ್ತೇನೆಂದು ಕೇಳುತ್ತಲೇ ಇದ್ದ ಬೀದಿಯ ಟೈಲರಿಗೆ, ಸಂಜೆ ಐದಕ್ಕೆ ಬಂದು ನೋಡುವಂತೆ ಹೇಳಿಬಿಟ್ಟಿದ್ದ. ತಿಂಡಿಯ ಹೊತ್ತಿಗೆ ಅದನ್ನು ತಿಳಿಸಿದಾಗ ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಪಕ್ಕದ ಮನೆಯ ಬಸ್ ಮಾಮ ಮಾತ್ರ ಸುಮ್ಮನಿರಲಿಲ್ಲ. ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾದ ಮೇಲೆ ಇಡೀ ಬೀದಿಯನ್ನೇ ಓಡಿಸುತ್ತಿದ್ದ ಮನುಷ್ಯ.

"ಮಾರೋಕೆ ಮುಂಚೆ ಗ್ಯಾರೇಜಿಗೆ ತೋರಿಸೋ! ಪಾಪದ ಗಾಡಿ, ಒಂದು ಮಾತು ಕೇಳ್ದೆ ಮನೆಯಿಂದ ಹೊರಗೆ ಹಾಕ್ತೀಯಲ್ಲ!" ಎನ್ನುತ್ತ ಮಾಮ ಕಾರು ಹತ್ತಿ ಕೂತೇಬಿಟ್ಟ.

ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ಬಂದು ಕೈ ಒರೆಸಿಕೊಂಡ.

"ಸಾರ್, ಯಾರೋ ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದಾರೆ. ಹೊಸ ಪ್ಲೇಟು ಆಗ್ಲೇ ಸವೆದಿದೆ. ಇದು ಕಲಿಯೋವ್ರ ಕಾಲು."

"ಯಾರೋ ಅಂದ್ರೆ? ನಾನೊಬ್ನೇ ಓಡಿಸೋದು!"

"ಹಂಗಾದ್ರೆ ನೀವೇ ಸಾರ್."

ಮಾಮನಿಗೆ ಕೆಮ್ಮು ಬಂತು. ಕೆಮ್ಮು ಮುಗಿಸಿ, ಇವನ ಕಾಲನ್ನೇ ದಿಟ್ಟಿಸಿದ. "ತಪ್ಪು ನಿನ್ನದಲ್ಲಪ್ಪ, ಬೂಟಿಂದು. ಇಷ್ಟು ದಪ್ಪ ಅಟ್ಟೆ ಹಾಕ್ಕೊಂಡ್ರೆ ಕ್ಲಚ್ ಎಲ್ಲಿದೆ ಅಂತ ಕಾಲಿಗೆ ಹೇಗೆ ಗೊತ್ತಾಗ್ಬೇಕು? ಬಿಚ್ಚು. ನನ್ನ ಚಪ್ಪಲಿ ತಗೋ. ಮೂವತ್ತು ವರ್ಷ ಬಸ್ ಓಡಿಸಿದ್ದು ಇದ್ರಲ್ಲೇ."

"ಇದೇ ಜೋಡೀಲಾ?"

"ನೋಡಿದ್ರೆ ಗೊತ್ತಾಗಲ್ವಾ?"

ಗೊತ್ತಾಗುತ್ತಿತ್ತು. ಚಪ್ಪಲಿ ಹಪ್ಪಳದಷ್ಟು ತೆಳ್ಳಗಿತ್ತು. ಹಿಮ್ಮಡಿ ಎರಡು ಬೆರಳು ಹೊರಗೇ ಉಳಿಯಿತು. ವಾಪಸು ಬರುವಾಗ ಬೀದಿ ತಿರುವಿನಲ್ಲಿ ಮಾಮ ಕೂಗಿದ: "ಅಗೋ, ನಿನ್ನ ಬಸ್ಸು! ಓಡು, ಓಡು! ಕಾರು ನಾನು ಮನೆ ಮುಂದೆ ನಿಲ್ಲಿಸ್ತೀನಿ." ಓಡಿ ಬಸ್ಸು ಹತ್ತಿದ ಮೇಲೆ ಬೂಟು ಕಾರಿನಲ್ಲೇ ಉಳಿದದ್ದು ನೆನಪಾಯಿತು.

ಬ್ಯಾಂಕಿನ ಮೆಟ್ಟಿಲ ಮೇಲೆ, ಸರಿಯಾಗಿ ಮ್ಯಾನೇಜರ್ ಎದುರಿಗೆ, ಚಪ್ಪಲಿಯ ಪಟ್ಟಿ ಕಿತ್ತುಬಂತು. ಹೇಗೋ ಮಧ್ಯಾಹ್ನದವರೆಗೆ ಕಾಲನ್ನು ಮೇಜಿನ ಕೆಳಗೆ ಬಚ್ಚಿಟ್ಟ. ಎರಡು ಗಂಟೆಗೆ ಮ್ಯಾನೇಜರೇ ಬಂದು ಬಗ್ಗಿ ನೋಡಿ, "ರೀ, ಮನೆಗೆ ಹೋಗಿ ಏನಾದ್ರೂ ಹಾಕ್ಕೊಂಡು ಬನ್ನಿ. ಸಾಲಗಾರರು ನಿಮ್ಮನ್ನ ನೋಡಿ ನಮಗೇ ಸಾಲ ಕೊಟ್ಟಾರು" ಎಂದರು.

ಕಾದ ಟಾರಿನ ಮೇಲೆ ಕುಣಿಯುತ್ತ ಮನೆ ತಲುಪಿದರೆ ಗೇಟಿನ ಮುಂದೆ ಕಾರಿಲ್ಲ. ಒಳಗೆ ಹೆಂಡತಿಯಿಲ್ಲ, ಅಮ್ಮನೂ ಇಲ್ಲ. ಆಗ ಶಾಲೆಯ ಹಿಂದಿನ ಮೈದಾನದಿಂದ ಪರಿಚಿತ ಕೆಮ್ಮು ಕೇಳಿಸಿತು.

ಓಡಿಹೋಗಿ ಮೋಟುಗೋಡೆಯ ಹಿಂದಿನಿಂದ ಇಣುಕಿದ. ಕಾರು ಕಪ್ಪೆಯಂತೆ ಕುಪ್ಪಳಿಸುತ್ತ ಬಂದು ಹತ್ತು ಮಾರು ದೂರದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡ ಹೆಂಡತಿ. ಮುಂದೆ ಬಸ್ ಮಾಮ. ಸ್ಟೇರಿಂಗಿನ ಹಿಂದೆ, ಗದ್ದ ಎತ್ತಿ ಕೂತ ಅಮ್ಮ.

ಅಮ್ಮ ಬಾಗಿಲು ತೆರೆದು ಕಾಲು ಹೊರಗೆ ಚಾಚಿದಳು. ಕಾಲಲ್ಲಿ ಲೇಸು ಬಿಗಿದ, ದಪ್ಪ ಅಟ್ಟೆಯ, ಇವನ ಬೂಟು.

"ನೋಡಿದ್ಯಾ ಅಕ್ಕ, ಇವತ್ತು ಕಾಲು ಪೂರ್ತಿ ಎಟುಕ್ತು!" ಎಂದ ಮಾಮ.

"ಎಟುಕಿ ಏನು ಬಂತು? ಹಳೇ ಕ್ಲಚ್ ಕಲ್ಲಿನ ಹಾಗಿತ್ತು. ಹೊಸದು ಈಗ ತಾನೇ ನನ್ನ ಮಾತು ಕೇಳ್ತಿತ್ತು. ಸಂಜೆ ಮಾರ್ತಾನಂತೆ."

"ಅತ್ತೆ, ಅವರಿಗೆ ಹೇಳ್ಬಿಡೋಣ," ಎಂದಳು ಹೆಂಡತಿ.

"ಬೇಡಮ್ಮ. ಅವನ ಅಪ್ಪನ್ನ ಕೇಳಿದ್ರೆ ಮುಂದಿನ ವರ್ಷ ಅಂತಿದ್ರು. ಇವನು, ಈ ವಯಸ್ಸಲ್ಲಿ ಯಾಕಮ್ಮ ಅಂದ. ಮತ್ತೆ ಕೇಳಲ್ಲ. ಇನ್ನೊಂದೇ ಸುತ್ತು ಹೋಗೋಣ."

ಕಾರು ಹೊರಟಿತು. ಎರಡನೇ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು. ಅಮ್ಮ ಗೇರಿನ ತಲೆ ಸವರಿದಳು. ತುಟಿ ಅಲ್ಲಾಡಿತು. ಅವನಿಗೆ ಕೇಳಿಸಬೇಕಾಗಿರಲಿಲ್ಲ.

ಸಂಜೆ ಟೈಲರು ಐದಕ್ಕೆ ಐದು ನಿಮಿಷ ಮೊದಲೇ ಬಂದ. "ಎಲ್ಲಿ ಸಾರ್ ಗಾಡಿ? ಗೇರು ಕೆಟ್ಟಿದ್ರೂ ಪರವಾಗಿಲ್ಲ, ನಾನೇ ಮಾಡಿಸ್ಕೋತೀನಿ."

"ಗಾಡಿ ಮಾರಲ್ಲ."

"ಮತ್ತೆ ನನ್ನ ಯಾಕೆ ಕರೆಸಿದ್ರಿ?"

"ಅದು... ಅಳತೆ ಕೊಡೋಣ ಅಂತ."

ಟೈಲರು ಕುತ್ತಿಗೆಯಿಂದ ಟೇಪು ತೆಗೆದ. ಬೇಡದ ಎರಡು ಪ್ಯಾಂಟಿಗೆ ಅಳತೆ ಕೊಡುತ್ತ ಅವನು ಕೈ ಎತ್ತಿ ನಿಂತಿದ್ದಾಗ ಅಮ್ಮ ಬಾಗಿಲಿಗೆ ಬಂದಳು.

"ಮಾರಲ್ವೇನೋ? ಗೇರಿಗೆ ಏನಾಗಿದೆಯಂತೆ?"

"ಏನಿಲ್ಲಮ್ಮ. ಓಡ್ತಾ ಓಡ್ತಾ ಸರಿಹೋಗುತ್ತಂತೆ."

ಮರುದಿನ ಬೆಳಿಗ್ಗೆ ಮಾಮ ಪಟ್ಟಿ ಹೊಲಿಸಿದ ಚಪ್ಪಲಿ ಹಿಡಿದು ಗೇಟಿನಲ್ಲಿ ನಿಂತಿದ್ದ. ಅವನು ಬೂಟು ಬಿಚ್ಚಿ ಕಾರಿನಲ್ಲಿಟ್ಟು, ಹಿಮ್ಮಡಿ ಹೊರಚಾಚಿಕೊಂಡು ಬಸ್ಸಿಗೆ ನಡೆದ.

"ನಿನ್ನಮ್ಮನಿಗೆ ಕಾರು ಕಲಿಸು, ನನ್ನಿಂದ ಆಗಲಿಲ್ಲ" ಎಂದು ಅಪ್ಪ ಹೇಳಿಹೋಗಿದ್ದ ಮಾತನ್ನು ಅವನು ಅಮ್ಮನಿಗೆ ಎಂದೂ ಹೇಳಲಿಲ್ಲ.