ಭಾವನವರ ಅಗ್ಗಿಷ್ಟಿಕೆ

ಸಿಂಚನಾ, ಚಿರಂತ್, ಕೈಚೀಲದಲ್ಲಿ ಸೌದೆ ತುಂಬಿಕೊಂಡು ಶೋರೂಮಿಗೆ ಹೋದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಂಡಿದ್ದೀರಿ! ಬೆಳಿಗ್ಗೆ ನಿಮ್ಮ ತಟ್ಟೆಯ ದೋಸೆಯನ್ನು ‘ರುಚಿ ನೋಡ್ತೀನಿ’ ಎಂದು ಕಾಲು ಭಾಗ ಮುರಿದುಕೊಳ್ಳುವವರು ಅವರೇ. ನಿಮ್ಮ ದೊಡ್ಡ ತಾತ. ಅಂದರೆ ನಿಮ್ಮ ತಾತನ ಅಣ್ಣ, ನನಗೆ ಭಾವ.

ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಪ್ರತಿ ಪಂಪನ್ನೂ ಓಡಿಸಿ ನೋಡಿ ಮುದ್ರೆ ಒತ್ತುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಪಂಪುಗಳು ಬಚಾವಾದವು, ಉಳಿದ ಪ್ರಪಂಚ ಸಿಕ್ಕಿಬಿತ್ತು. ಹಾಸಿಗೆ ಕೊಳ್ಳಲು ಯಲಹಂಕಕ್ಕೆ ಹೋದವರು ಅಂಗಡಿಯಲ್ಲೇ ಮಲಗಿ ನೋಡಿದರು. ಮಲಗಿದವರು ಗೊರಕೆ ಹೊಡೆದರು. ಎದ್ದ ಮೇಲೆ ‘ಪರವಾಗಿಲ್ಲ, ಆದ್ರೆ ಕನಸು ಸರಿಯಾಗಿ ಬೀಳಲಿಲ್ಲ’ ಎಂದು ಹೇಳಿ ಬರಿಗೈಲಿ ಮನೆಗೆ ಬಂದರು!

ಅಂಥವರಿಗೆ ಅಗ್ಗಿಷ್ಟಿಕೆಯ ಹುಚ್ಚು ಹತ್ತಿಸಿದವರು ಆರ್.ಟಿ. ನಗರದ ಬೀಗರು. ನಾಗಸಂದ್ರಕ್ಕೆ ಮೆಟ್ರೋ ಬಂದ ಹೊಸತು. ಬೀಗರು ತಮ್ಮ ತಾರಸಿಯ ಮೇಲೆ ಚಳಿ ಕಾಯಿಸಿಕೊಳ್ಳಲು ಒಂದು ಕಬ್ಬಿಣದ ಕುಂಡ ತಂದಿಟ್ಟು, ಅದರ ಸುತ್ತ ನಮ್ಮನ್ನೆಲ್ಲ ಕೂರಿಸಿ ಜೋಳ ಸುಟ್ಟು ಕೊಟ್ಟರು. ಭಾವನವರು ಜೋಳ ತಿಂದರು, ಅವಮಾನವನ್ನೂ ನುಂಗಿದರು. ಜಕ್ಕೂರಿಗೆ ವಾಪಸು ಬರುವಾಗ ಆಟೋದಲ್ಲೇ ಘೋಷಣೆಯಾಯಿತು.

“ಹಿತ್ತಲೇ ಇಲ್ಲದೋರು ಇಷ್ಟು ಮಾಡಿದ್ರೆ, ಅಷ್ಟು ದೊಡ್ಡ ಹಿತ್ತಲಿರೋ ನಾವು ಸುಮ್ನಿರೋದಾ? ಅವರೆಕಾಯಿ ಕಾಲಕ್ಕೆ ನಮ್ಮನೇಲೂ ಬೆಂಕಿ ಇರ್ಬೇಕು. ಬೀಗರನ್ನ ಕರೀಬೇಕು.”

ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ಬಿಡುತ್ತಾರೆಯೇ? “ಗೀಸರ್ ಬಂತು ಅಂತ ಹಂಡೆ ಒಲೆ ಒಡೆಸಿದ್ದು ಯಾರ್ರೀ? ಅದಿದ್ದಿದ್ರೆ ಬೀಗರನ್ನ ಬಚ್ಚಲಲ್ಲೇ ಕೂರಿಸ್ಬಹುದಿತ್ತು!”

ಮುಂದೆ ನಡೆದದ್ದೇ ಸೌದೆಯ ಪ್ರಸಂಗ. ನಾಗಸಂದ್ರದ ಕಡೆಯ ಒಂದು ದೊಡ್ಡ ಅಂಗಡಿಗೆ ಭಾವನವರು ನಾಲ್ಕು ತುಂಡು ಸೌದೆ, ಎರಡು ತೆಂಗಿನ ಚಿಪ್ಪು, ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ಹೋದರು. ನಾನೂ ಅಕ್ಕನೂ ಜೊತೆಗಿದ್ದೆವು. ಅಂಗಡಿಯವನು ಗ್ಯಾಸಿನಲ್ಲಿ ಉರಿಯುವ, ಸುಳ್ಳು ಕೆಂಡ ಜೋಡಿಸಿದ ಒಂದು ಒಲೆ ತೋರಿಸಿ, “ಇದ್ರಲ್ಲಿ ಹೊಗೇನೇ ಬರಲ್ಲ ಸರ್” ಎಂದ.

“ಹೊಗೆ ಬರ್ದೆ ಇದ್ರೆ ಅದು ಬೆಂಕಿ ಅಂತ ನಂಬೋದು ಹೆಂಗಪ್ಪಾ?” ಎನ್ನುತ್ತ ಭಾವನವರು ಪಕ್ಕದ ಕಬ್ಬಿಣದ ಕುಂಡದಲ್ಲಿ ಸೌದೆ ಜೋಡಿಸತೊಡಗಿದರು. ಕಡ್ಡಿ ಗೀರುವಷ್ಟರಲ್ಲಿ ಕಾವಲುಗಾರ ಓಡಿಬಂದ. ನಾವು ಮೂವರೂ ಮರ್ಯಾದೆಯಿಂದಲೇ ಹೊರಗೆ ಬಂದೆವು. ಕಾವಲುಗಾರ ಬಾಗಿಲವರೆಗೂ ಜೊತೆಗಿದ್ದ!

ಕೊನೆಗೆ ಶೆಟ್ಟಿಹಳ್ಳಿಯ ಗಾರೆ ಮೇಸ್ತ್ರಿಯನ್ನು ಕರೆಸಿ ಕಲ್ಲಿನಲ್ಲೇ ಕಟ್ಟಿಸುವುದು ಎಂದಾಯಿತು. ಎಲ್ಲಿ? ಪಂಚಾಂಗ ನೋಡಿದರು: ಬೆಂಕಿಗೆ ಆಗ್ನೇಯ ಮೂಲೆ. ಅಷ್ಟಕ್ಕೇ ಬಿಡುವವರೇ? ನಮ್ಮ ಜಕ್ಕೂರಿನ ವಿಮಾನ ಹಾರಿಸುವ ಮೈದಾನದ ಬೇಲಿಯಾಚೆ ನಿಂತು, ಗಾಳಿ ನೋಡಲು ಅಲ್ಲಿ ಕಂಬಕ್ಕೆ ಕಟ್ಟಿರುವ ಬಟ್ಟೆಯ ಚೀಲವನ್ನು ಮೂರು ದಿನ ನೋಡಿದರು. ಅದರ ಬಾಲ ಮೂರು ದಿನವೂ ಮೂಡಲಿಗೇ ಹಾರುತ್ತಿತ್ತು. “ನೋಡ್ರಿ, ಹೊಗೆ ಎಲ್ಲಾ ಆಚೆ ಖಾಲಿ ಸೈಟಿಗೆ ಹೋಗುತ್ತೆ. ವಿಮಾನ ಇಳಿಸೋರೇ ಆ ಚೀಲಾನ ನಂಬ್ತಾರೆ!”

ಸರಿಯೇ. ಆದರೆ ಅದು ಆಷಾಢ ಮಾಸ!

ದೇವನಹಳ್ಳಿ ಕಡೆಯ ನಮ್ಮೂರಿನ ಕಣದಲ್ಲಿ ರಾಗಿ ತೂರಿದವಳು ನಾನು. ಆಷಾಢದಲ್ಲಿ ಪಡುವಲಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಮೂಡಲಿಂದ ಬೀಸುತ್ತದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೂ ಅದು ಗೊತ್ತು. ಅಗ್ಗಿಷ್ಟಿಕೆ ಬೇಕಾಗುವುದು ಯಾವಾಗ? ಚಳಿಗಾಲದಲ್ಲಿ! ಆಗ ಹೊಗೆಯೆಲ್ಲ ಬೀಗರ ಮುಖಕ್ಕೇ.

ಹೇಳಬಹುದಿತ್ತಲ್ಲ ಅಜ್ಜಿ, ಎನ್ನುತ್ತೀರಿ. ನಮ್ಮ ಕಡೆ ಭಾವನ ಎದುರು ತಮ್ಮನ ಹೆಂಡತಿ ಕೂರುವಂತಿಲ್ಲ, ಮಾತಾಡುವಂತಿಲ್ಲ. ಮದುವೆಯಾಗಿ ಬಂದಂದಿನಿಂದ ನಾನು ಅವರಿಗೆ ಒಂದು ಮಾತನ್ನೂ ನೇರವಾಗಿ ಆಡಿದವಳಲ್ಲ. ಇದು ಯಾರೂ ಹೇರಿದ್ದಲ್ಲ. ನನ್ನ ಸಂಕೋಚಕ್ಕೂ ಅದು ಹೇಳಿಮಾಡಿಸಿದಂತಿತ್ತು. ನನ್ನ ಮಾತನ್ನು ಅಣ್ಣನಿಗೆ ಮುಟ್ಟಿಸುತ್ತಿದ್ದವರು ನಿಮ್ಮ ತಾತ. ಅವರು ಹೋಗಿ ಆಗಲೇ ಐದು ವರ್ಷವಾಗಿತ್ತು. ಅಕ್ಕನ ಕೈಲಿ ಹೇಳಿಸಿದೆ. “ಅವಳ ಹೆಸರಲ್ಲಿ ನಿನ್ನ ಮಾತು ಹೇಳ್ತೀಯಾ?” ಎಂದು ಅಕ್ಕನನ್ನೇ ಗದರಿದರಂತೆ. ಅದು ಅಕ್ಕನದೇ ತಕರಾರು, ನನ್ನ ಹೆಸರು ಬರೀ ನೆಪ ಎಂದು ಅವರ ಅನುಮಾನ.

ಆಗ ಸಿಂಚನಾ, ಆರು ವರ್ಷದ ನಿನ್ನನ್ನು ಕರೆದು “ಚಳೀಲಿ ಗಾಳಿ ತಿರುಗುತ್ತೆ ಅಂತ ದೊಡ್ಡ ತಾತಂಗೆ ಹೇಳು” ಎಂದು ಕಳಿಸಿದೆ. ನೀನು ಹೋಗಿ ಹೇಳಿದ್ದು ಹೀಗೆ: “ತಾತ, ಅಜ್ಜಿಗೆ ಚಳೀಲಿ ತಿರುಗೋ ಗಾಳಿ ಬೇಕಂತೆ!” ಸಂಜೆಯೊಳಗೆ ನನ್ನ ಕೋಣೆಗೆ ಒಂದು ಟೇಬಲ್ ಫ್ಯಾನ್ ಬಂತು. ಅದನ್ನೂ ಅಂಗಡಿಯಲ್ಲಿ ಒಂದು ಗಂಟೆ ಓಡಿಸಿ ನೋಡಿಯೇ ತಂದಿದ್ದರು.

ಅಗ್ಗಿಷ್ಟಿಕೆ ಎದ್ದು ನಿಂತಿತು. ಅದರ ಬಾಯಿಗೆದುರಾಗಿ ಕಲ್ಲುಬೆಂಚು. ಅವರೆಕಾಯಿ ಸೊಗಡು ಬಂತು, ಬೀಗರಿಗೆ ಕರೆ ಹೋಯಿತು. ಹತ್ತು ದಿನ ಮುಂಚೆ ಭಾವನವರು ಪರೀಕ್ಷೆಗೆ ಬೆಂಕಿ ಹಾಕಿದರು. ದೇವರೇ! ಹೊಗೆ ಬೆಂಚನ್ನು ಹುಡುಕಿಕೊಂಡು ಬಂತು. ಮೇಸ್ತ್ರಿ ಕೆಮ್ಮಿದ, ಅಕ್ಕ ಕಣ್ಣೊರೆಸಿಕೊಂಡರು. “ಬೀಗರು ನಮ್ಮನೆಯಿಂದ ಅಳ್ತಾ ಹೋಗ್ತಾರೆ. ಜನ ಏನಂದ್ಕೋತಾರೋ!”

ಭಾವನವರು ಸೌದೆ ಹಸಿ ಎಂದರು. ಪಕ್ಕದಲ್ಲಿ ಎದ್ದ ಅಪಾರ್ಟ್‌ಮೆಂಟು ಗಾಳಿಯ ದಾರಿ ಕೆಡಿಸಿದೆ ಎಂದರು. ಚಿಮಣಿಯನ್ನು ಎರಡಡಿ ಎತ್ತರಿಸಿದರು. ಏನೂ ನಡೆಯದಿದ್ದಾಗ ನನ್ನ ಟೇಬಲ್ ಫ್ಯಾನನ್ನೇ ತಂದು, ಬೆಂಚಿನ ಮೇಲಿಟ್ಟು, ಹೊಗೆಯನ್ನು ಹಿಂದಕ್ಕೆ ಅಟ್ಟಲು ನಿಂತರು! ಒಂದು ಕಡೆ ಇಡೀ ಪುಷ್ಯ ಮಾಸದ ಗಾಳಿ, ಇನ್ನೊಂದು ಕಡೆ ಭಾವನವರ ಫ್ಯಾನು. ಬೂದಿಯೆಲ್ಲ ಎದ್ದು ಅವರ ತಲೆ, ಮೀಸೆ, ಅಂಗಿಯ ಮೇಲೆ ಕೂತಿತು. ಯಾರೂ ನಗಲಿಲ್ಲ. ಅವರ ಮುಖ ಅಷ್ಟು ಸಣ್ಣಗಾಗಿತ್ತು. ಯಾವ ಪಂಪೂ ಅವರ ಮುದ್ರೆ ಬಿದ್ದ ಮೇಲೆ ಹೀಗೆ ಕೈಕೊಟ್ಟಿರಲಿಲ್ಲ.

“ಭಾವ,” ಎಂದೆ.

ಅಕ್ಕನ ಮಡಿಲಿನ ಅವರೆಕಾಯಿ ನೆಲಕ್ಕೆ ಸುರಿಯಿತು. ಭಾವನವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚಿಹೋಗುತ್ತಿತ್ತು. ಅದು ಅವರಿಗೂ ಗೊತ್ತಿತ್ತೋ ಏನೋ. ಅಗ್ಗಿಷ್ಟಿಕೆಯನ್ನೇ ನೋಡುತ್ತ, “ಹೇಳಮ್ಮ” ಎಂದರು.

“ಈ ಗಾಳಿ ಯುಗಾದಿವರೆಗೂ ಮೂಡಲಿಂದಾನೇ. ಒಲೆ ಪಡುವಲ ಕಡೆ ಮೂಲೇಲಿರ್ಬೇಕು. ನಾವು ಗಾಳಿಗೆ ಬೆನ್ನು ಹಾಕಿ ಕೂತ್ರೆ ಹೊಗೆ ಆಚೆ ಹೋಗುತ್ತೆ.”

“ಅದು ನೈರುತ್ಯ ಕಣಮ್ಮ. ಶಾಸ್ತ್ರ ಒಪ್ಪಲ್ಲ.”

“ಗಾಳಿ ಪಂಚಾಂಗ ಓದಿಲ್ಲ ಭಾವ.”

ಬೂದಿ ಮೆತ್ತಿದ ಆ ಮೀಸೆ ಅಲುಗಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಸ್ತ್ರಿ, ಒಡೆದ್ಹಾಕಪ್ಪ!”

“ಇಂಗ್ ಒಡೆಯೋಕೇ ಕಟ್ಸಿದ್ರಾ ಯಜಮಾನ್ರೇ?” ಎಂದ ಮೇಸ್ತ್ರಿ.

ಅಕ್ಕ ಹಣೆ ಚಚ್ಚಿಕೊಂಡರು. “ಇಷ್ಟು ವರ್ಷ ನಾನು ಬಡ್ಕೊಂಡ್ರೂ ಒಂದು ಕಲ್ಲೂ ಅಲ್ಲಾಡ್ಲಿಲ್ಲ. ಇವಳು ಬಾಯಿ ಬಿಟ್ಟಿದ್ದೇ ತಡ, ಗೋಡೇನೇ ಬಿತ್ತು!”

ಕರೆದ ದಿನ ಬರುವಷ್ಟರಲ್ಲಿ ಒಲೆ, ಬೆಂಚು ಎರಡೂ ನೈರುತ್ಯ ಮೂಲೆಗೆ ಹೋದವು. ಬೀಗರು ಬಂದರು, ಅವರೆಕಾಳು ಸಾರು, ಮುದ್ದೆ ಉಂಡರು, ಬೆಂಕಿ ಕಾಯಿಸಿಕೊಂಡರು, ಒಬ್ಬರೂ ಕೆಮ್ಮದೆ ಹೋದರು. ಅವರು ಹೋದ ಮೇಲೆ ನಾನು ಲೋಟ ಎತ್ತಲು ಹೋದಾಗ ಭಾವನವರು ಕೆಂಡ ಕೆದಕುತ್ತ, ಬೆಂಕಿಗೇ ಹೇಳುವಂತೆ ಹೇಳಿದರು:

“ನೀನು ಆಡಿದ್ದನ್ನೆಲ್ಲ ನನ್ನ ತಮ್ಮ ದಿನಾ ಜಗಲೀಲಿ ಕೂತು ನಂಗೆ ಹೇಳಿ ನಗಿಸೋನು. ಅವನು ಹೋದ್ಮೇಲೆ, ಈ ಐದು ವರ್ಷದಿಂದ ನೀನೇನಂದೆ ಅಂತ ನಂಗೆ ಗೊತ್ತಾಗ್ತಾನೇ ಇಲ್ಲಮ್ಮ. ಕೂತ್ಕೋ.”

ಬೆಂಚಿನ ತುದಿಯಲ್ಲಿ ಕೂತೆ. ಆಮೇಲಿನ ಚಳಿಗಾಲಗಳಲ್ಲಿ ಅಲ್ಲಿ ಕೂತು ನಾನು ಆಡಿದಷ್ಟು ಮಾತನ್ನು ಜನ್ಮದಲ್ಲೇ ಆಡಿರಲಿಲ್ಲ. ತಮಾಷೆ ನೋಡಿ, ನನಗೆ ಬಾಯಿ ಬರುವ ಹೊತ್ತಿಗೆ ಅವರಿಗೆ ಕಿವಿ ಹೋಯಿತು! ಈಗ ಹೇಳಬೇಕಾದ್ದನ್ನು ಬರೆದು ತೋರಿಸುತ್ತೇನೆ. ನಿಮಗೆಂದು ಬರೆದ ಇದನ್ನೂ ನಿನ್ನೆ ತೋರಿಸಿದೆ. ಕನ್ನಡಕ ಒರೆಸಿ ಒರೆಸಿ ಓದಿದರು. ಕೊನೆಗೆ ಪೆನ್ಸಿಲ್ ಕೇಳಿ ಈಸಿಕೊಂಡು, ಹಾಳೆಯ ಅಡಿಯಲ್ಲಿ ಬರೆದುಕೊಟ್ಟರು: ‘ನನ್ನ ತಮ್ಮ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದ. ಆದರೂ ಪರವಾಗಿಲ್ಲ, ಬರಿಯಮ್ಮ.’

ಪೆನ್ಸಿಲಿನ ಅಕ್ಷರ ಬೇಗ ಮಾಸುತ್ತದೆ ಮಕ್ಕಳೇ. ಈ ಹಾಳೆಗಳನ್ನು ಜೋಪಾನವಾಗಿಡಿ.