ಅಣ್ಣನ ಕಣ್ಣಿಗೆ ನಾಲ್ಕು ಕಾಲು

ಕಾಶಿ, ಕೊಲಂಬೊ, ಲಂಡನ್ ಎಲ್ಲ ಅಲೆದವಳು ನಾನು. ಅಲ್ಲೆಲ್ಲೂ ಆಗದ ಫಜೀತಿ ಮೋತಿಯ ಜೊತೆ ಹೊಸಪೇಟೆಯ ನಮ್ಮ ಓಣಿ ದಾಟಿದರೆ ಆಗುತ್ತದೆ.

ಮೋತಿ ಎಂದರೆ ನಾಯಿ. ದೊಡ್ಡ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ನಮ್ಮಣ್ಣನಿಗಾಗಿ, ಕುರುಡರಿಗೆ ದಾರಿ ತೋರಿಸಲೆಂದೇ ಪಳಗಿಸಿದ್ದನ್ನು ನಾನೇ ಜರ್ಮನಿಯಿಂದ ಹಡಗಿನಲ್ಲಿ ತಂದಿದ್ದೆ. ಅಣ್ಣನ ಆಸೆ ಒಂದೇ: ಯಾರ ಕೈಯೂ ಹಿಡಿಯದೆ ಕಂಪ್ಲಿಯ ಮಗಳ ಮನೆಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಳ್ಳಬೇಕು. ಬೀಗತಿ ಹೇಳಿ ಕಳಿಸಿದ್ದರು: "ಬೀಗರು ಬರ್ಲಿ. ನಾಯಿ ಮಾತ್ರ ಹೊಸ್ತಿಲು ದಾಟಂಗಿಲ್ಲ."

ಹಂಪಿಯಲ್ಲಿ

ಮೊದಲು ರೂಢಿಯಾಗಲೆಂದು ಹಂಪಿಗೆ ಹೋದೆವು. ಮೆಟ್ಟಿಲು ಬಂದರೆ ಮೋತಿ ನಿಲ್ಲುತ್ತದೆ. ಅಣ್ಣ ಕಾಲಿನಿಂದ ತಡವಿ, ಮೆಟ್ಟಿಲ ಮೇಲೆ ಕಾಲಿಟ್ಟು "ಹೂಂ" ಅಂದಮೇಲೇ ಮುಂದಕ್ಕೆ. ಹಂಪಿಯಲ್ಲಿ ಮೆಟ್ಟಿಲಿಗೇನು ಬರ? ಮುರುಕು ಮಂಟಪ ಒಂದನ್ನೂ ಬಿಡದೆ ನಿಂತಿತು. ಹಿಂದೆ ಬರುತ್ತಿದ್ದ ಅಜ್ಜ ಕೈಮುಗಿದುಬಿಟ್ಟ: "ಎಂಥಾ ಭಕ್ತಿ ರೀ! ದೇವರಿಲ್ಲದ ಗುಡೀನೂ ಬಿಡವಲ್ದು!"

ಸಂಡೂರಿನ ಖಾನಾವಳಿ

"ಒಳಗ ನಾಯಿ ಬ್ಯಾಡ್ರಿ," ಅಂದ ಖಾನಾವಳಿಯವನು. ಕುರುಡ ಹೋಗುವಲ್ಲೆಲ್ಲ ಅವನ ನಾಯಿಗೂ ಹೋಗುವ ಹಕ್ಕಿರಬೇಕು ಎಂದು ನಾನು ದೊಡ್ಡ ಭಾಷಣ ಬಿಗಿದೆ. ಅವನು ಗಮನವಿಟ್ಟು ಕೇಳಿ, ಅಣ್ಣನ ಕಡೆ ತಿರುಗಿ ಮೆಲ್ಲಗೆ ಅಂದ: "ಕಣ್ಣು ಕಾಣಂಗಿಲ್ಲಂದ್ರ ಒಂದು ಲಾಟೀನು ಹಿಡ್ಕೊಳ್ರಲ್ಲ, ಯಜಮಾನ್ರ!"

ಕಂಪ್ಲಿ ಬಸ್ಸು

"ನಾಯೀನ ಟಾಪಿನ ಮ್ಯಾಲ ಕಟ್ರಿ," ಅಂದ ಕಂಡಕ್ಟರ್.

"ಅದು ನನ್ನ ಕಣ್ಣಪ್ಪ. ಕಣ್ಣು ಮ್ಯಾಲ, ನಾ ಕೆಳಗ, ಹ್ಯಾಂಗ?" ಅಂದ ಅಣ್ಣ.

ಕಂಡಕ್ಟರ್ ಸೋತ. ಮೋತಿ ಸೀಟಿನಡಿ ಮಲಗಿತು. ಆದರೆ ಬಸ್ಸಿನವರೆಲ್ಲ ಕಚ್ಚೀತೆಂದು ಕಾಲು ಮೇಲೆತ್ತಿ ಚಕ್ಕಳಮಕ್ಕಳ ಕೂತರು. ಕಂಪ್ಲಿ ಬಂದಾಗ ಎಲ್ಲರ ಕಾಲಿಗೂ ಜೋಮು. ಇಡೀ ಬಸ್ಸಿನಲ್ಲಿ ನೆಟ್ಟಗೆ ಇಳಿದವನು ಕುರುಡನೊಬ್ಬನೇ!

ಹೊಸ್ತಿಲು

ಬೀಗತಿ ಬಾಗಿಲಿಗೆ ಅಡ್ಡ ನಿಂತಿದ್ದರು. ನಾನು ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೋತಿ ಹೊಸ್ತಿಲ ಮುಂದೆ ಗಕ್ಕನೆ ನಿಂತು ತಲೆ ತಗ್ಗಿಸಿತು.

"ಯವ್ವಾ! ಹೊಸ್ತಿಲಿಗೆ ನಮಸ್ಕಾರ ಮಾಡತೈತಲ್ಲ!" ಅಂದರು ಬೀಗತಿ. ಅವರದು ಮೈಲಾರಲಿಂಗನ ಮನೆತನ. ಆ ದೇವರ ಜೊತೆಗೆ ಯಾವಾಗಲೂ ನಾಯಿ ಇರುತ್ತದೆ. ಅವರ ಮುಖ ಅರಳಿತು.

ಅದೇ ಹೊತ್ತಿಗೆ ಅಣ್ಣ ಎಂದಿನಂತೆ ಕಾಲಿನಿಂದ ತಡವಿ, ಮೆಟ್ಟಿಲೆಂದುಕೊಂಡು, ಹೊಸ್ತಿಲ ಅರಿಶಿನ ಕುಂಕುಮದ ಮೇಲೇ ಹತ್ತಿ ನಿಂತು "ಹೂಂ" ಅಂದ.

"ಅಯ್ಯಯ್ಯ, ಲಕ್ಷ್ಮೀನ ತುಳಿದ್ರಲ್ಲರೀ! ಇಳೀರಿ ಕೆಳಗ!" ಬೀಗತಿ ಚೀರಿದರು. "ಮೈಲಾರಲಿಂಗನ ನಾಯಿ ಒಳಗ ಬರ್ಲಿ. ನೀವು ಹೊರಗ ನಿಂತು ಕಾಲು ತೊಳಕೊಳ್ರಿ!"

ಮೋತಿಯ ಹಣೆಗೆ ಭಂಡಾರದ ಅರಿಶಿನ ಬಳಿದು ಒಳಗೆ ಕರೆದೊಯ್ದರು. ಅಣ್ಣ ಅಂಗಳದಲ್ಲಿ ಕಾಲಿಗೆ ನೀರು ಹುಯ್ದುಕೊಳ್ಳುತ್ತ, "ತಂಗೀ, ಈಗ ನನ್ನ ಹಕ್ಕಿನ ಬಗ್ಗೆ ಒಂದು ಭಾಷಣ ಮಾಡವ್ವಾ," ಅಂದ.

ಭಾಷಣ ಬೇಕಾಗಲಿಲ್ಲ. ಕಾಲು ತೊಳೆದು ಕಟ್ಟೆಯ ಮೇಲೆ ಕೂತವನ ತೊಡೆಯ ಮೇಲೆ ಬೀಗತಿಯೇ ಬಂದು ಕೂಸನ್ನಿಟ್ಟರು. ಅಣ್ಣ ಅದರ ಮೂಗು, ಗಲ್ಲ ಎಲ್ಲ ಬೆರಳಿನಿಂದ ಸವರಿ ಕೇಳಿದ:

"ಯಾರ ಹಂಗದಾಳ್ರೀ?"

"ಥೇಟ್ ನಿಮ್ಮ ಹಂಗ್ರಿ," ಅಂದರು ಬೀಗತಿ. "ಎಷ್ಟು ಬೈದ್ರೂ ಅಂಬೆಗಾಲಿಟ್ಟು ಬಂದು ಹೊಸ್ತಿಲ ಮ್ಯಾಲೇ ಕುಂದ್ರತಾಳ!"